ಮಾಲ್ಯವಂತದ ನಾಲ್ಕು ತಿಂಗಳು: ಉತ್ತರಕ್ಕಾಗಿ ಕಾಯುವಾಗ ದೇವರ ಜೊತೆಗಿರುವ ಬಗೆ

ಬಯಾಪ್ಸಿ ವರದಿಗೆ ಇನ್ನೂ ಒಂದು ವಾರ ಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದಾಗ, ನೇಮಕಾತಿಯ ಅಂತಿಮ ಪಟ್ಟಿ ತಿಂಗಳುಗಟ್ಟಲೆ ಹೊರಬೀಳದಿದ್ದಾಗ, ಮಗಳನ್ನು ನೋಡಿಕೊಂಡು ಹೋದವರಿಂದ ಸುದ್ದಿಯೇ ಇಲ್ಲದಾಗ, ‘ದೇವರಿದ್ದಾನೆ, ತಾಳ್ಮೆಯಿಂದಿರಿ’ ಎಂಬ ಮಾತು ಎಲ್ಲ ಕಡೆಯಿಂದಲೂ ಬರುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಹೊತ್ತಿನಲ್ಲಿ ದೇವರ ಜೊತೆ ಇರುವುದು ಹೇಗೆ ಎಂಬುದನ್ನು ವಿವರಿಸುವವರು ಕಡಿಮೆ. ರಾಮಾಯಣ ಓದುವ ರೂಢಿ ಇರುವ, ಅಥವಾ ಕನಿಷ್ಠ ಆ ಕಥೆಯನ್ನು ಬಲ್ಲ ಮನೆಗಳಿಗಾಗಿ ಒಂದು ದಾರಿಯನ್ನು ಇಲ್ಲಿ ವಿವರಿಸಿದ್ದೇನೆ.

ಸಂಕಟ ಬಂದಾಗ ನಮ್ಮಲ್ಲಿ ಹೆಚ್ಚಿನವರು ಕೈಗೆತ್ತಿಕೊಳ್ಳುವುದು ಸುಂದರಕಾಂಡವನ್ನು. ಸೀತೆ ಸಿಗುವುದು ಅಲ್ಲಿಯೇ ಆದ್ದರಿಂದ ಅದು ಸಹಜವೂ ಹೌದು. ಆದರೆ ಉತ್ತರ ಇನ್ನೂ ಬಾರದವರಿಗೆ ಅದಕ್ಕಿಂತ ಹಿಂದಿನ ಕಿಷ್ಕಿಂಧಾಕಾಂಡವೇ ಹೆಚ್ಚು ಹತ್ತಿರದ್ದು ಎಂಬುದು ನನ್ನ ಅಭಿಪ್ರಾಯ. ವಾಲಿಯ ವಧೆಯಾಗಿ ಸುಗ್ರೀವನಿಗೆ ಪಟ್ಟವಾದ ಮೇಲೆ ಮಳೆಗಾಲ ಹಿಡಿಯುತ್ತದೆ, ಸೀತೆಯನ್ನು ಹುಡುಕುವ ಕೆಲಸ ನಿಲ್ಲುತ್ತದೆ, ರಾಮನು ಲಕ್ಷ್ಮಣನೊಡನೆ ಬೆಟ್ಟದ ಗುಹೆಯಲ್ಲಿ ಉಳಿಯುತ್ತಾನೆ. ಹಂಪಿಯ ಬಳಿ, ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೋಗುವ ದಾರಿಯಲ್ಲಿರುವ ಮಾಲ್ಯವಂತ ಬೆಟ್ಟವೇ ಅದು ಎಂದು ನಮ್ಮ ನಾಡಿನ ನಂಬಿಕೆ. ಅಲ್ಲಿನ ರಘುನಾಥ ದೇವಾಲಯದಲ್ಲಿ ದೊಡ್ಡ ಬಂಡೆಯಲ್ಲೇ ಕೆತ್ತಿದ ರಾಮ ಕುಳಿತ ಭಂಗಿಯಲ್ಲಿದ್ದಾನೆ. ಆ ಬೆಟ್ಟದಲ್ಲಿ ಅವನು ಸಮಾಧಾನವಾಗಿದ್ದನೆಂದು ವಾಲ್ಮೀಕಿ ಎಲ್ಲಿಯೂ ಹೇಳುವುದಿಲ್ಲ. ಚಂದ್ರ ಮೂಡಿದ್ದನ್ನು ಕಂಡು ರಾತ್ರಿ ಅವನಿಗೆ ನಿದ್ದೆ ಹತ್ತುವುದಿಲ್ಲ, ಲಕ್ಷ್ಮಣ ಪಕ್ಕದಲ್ಲಿ ಕುಳಿತು ಧೈರ್ಯ ಹೇಳಬೇಕಾಗುತ್ತದೆ. ಮಳೆ ನಿಂತ ಮೇಲೆ ರಾಮನೇ ಹೇಳುತ್ತಾನೆ, ಈ ನಾಲ್ಕು ತಿಂಗಳು ತನಗೆ ನೂರು ವರ್ಷಗಳಂತೆ ಕಳೆದವೆಂದು.

ನೀವು ಯಾರ ಎದುರು ಕುಳಿತು ಪ್ರಾರ್ಥಿಸುತ್ತೀರೋ ಅವನೂ ಹೀಗೆ ಕಾದು ಬಲ್ಲವನು ಎಂಬುದನ್ನು ಹಿಡಿದುಕೊಂಡರೆ ಪ್ರಾರ್ಥನೆಯ ಧಾಟಿಯೇ ಬದಲಾಗುತ್ತದೆ. ಪ್ರಹ್ಲಾದನು ಭಾಗವತದಲ್ಲಿ ಹೇಳುವ ಒಂಬತ್ತು ಬಗೆಯ ಭಕ್ತಿಗಳಲ್ಲಿ ದಾಸ್ಯದ ನಂತರ ಬರುವುದು ಸಖ್ಯ, ಅಂದರೆ ಗೆಳೆತನ. ಕಾಯುವ ಕಾಲಕ್ಕೆ ಒದಗುವ ಭಕ್ತಿ ಅದೇ. ಗೆಳೆಯನ ಮುಂದೆ ಧೈರ್ಯವಂತರಂತೆ ನಟಿಸುವ ಅಗತ್ಯವಿಲ್ಲ.

ಇದನ್ನು ಆಚರಣೆಗೆ ತರಲು ಮೊದಲು ಮಾಡಬೇಕಾದದ್ದು ಲೌಕಿಕದ ಕೆಲಸ. ಉತ್ತರ ಯಾವಾಗ ಬರಬಹುದು, ಯಾರನ್ನು ಕೇಳಬೇಕು ಎಂಬುದನ್ನು ವೈದ್ಯರಿಂದಲೋ ಕಚೇರಿಯಿಂದಲೋ ನೇರವಾಗಿ ಕೇಳಿ ತಿಳಿದು, ಆ ದಿನಾಂಕವನ್ನು ಗೋಡೆಯ ಪಂಚಾಂಗದ ಮೇಲೆ ಗುರುತು ಹಾಕಿ. ರಾಮನೂ ಗೊತ್ತುಗುರಿಯಿಲ್ಲದೆ ಕಾಯಲಿಲ್ಲ. ಈಗ ಶ್ರಾವಣ, ಇದು ಪ್ರಯತ್ನದ ಕಾಲವಲ್ಲ, ಕಾರ್ತಿಕ ಬಂದಾಗ ಕೆಲಸಕ್ಕೆ ತೊಡಗು ಎಂದು ಸುಗ್ರೀವನಿಗೆ ಅವಧಿ ಹಾಕಿಕೊಟ್ಟೇ ಬೆಟ್ಟ ಹತ್ತಿದ. ಗುರುತು ಹಾಕಿದ ದಿನದವರೆಗೆ ಗಂಟೆಗೊಮ್ಮೆ ಮೊಬೈಲ್ ತೆಗೆದು ನೋಡುವುದರಿಂದ ಏನೂ ಬೇಗ ಬರುವುದಿಲ್ಲ. ದಿನಕ್ಕೆ ಒಂದೋ ಎರಡೋ ಬಾರಿ ನೋಡಿದರೆ ಸಾಕು.

ಆಮೇಲೆ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಒಂದು ಜಾಗ, ಹತ್ತು ಹದಿನೈದು ನಿಮಿಷ ಗೊತ್ತು ಮಾಡಿಕೊಳ್ಳಿ. ದೇವರಮನೆಯೇ ಆಗಬೇಕೆಂದಿಲ್ಲ, ಆಸ್ಪತ್ರೆಯ ವಾರ್ಡಿನ ಹೊರಗಿನ ಬೆಂಚಾದರೂ ನಡೆಯುತ್ತದೆ. ಕುಳಿತ ಕೂಡಲೇ ಸ್ತೋತ್ರ ಶುರು ಮಾಡದೆ, ಆ ದಿನ ನಡೆದದ್ದನ್ನು ಮನೆಮಾತಿನಲ್ಲೇ ಹೇಳಿ: ಯಾರು ಏನಂದರು, ಯಾವ ಮಾತು ಚುಚ್ಚಿತು, ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಯಿತು. ಸಿಟ್ಟಿದ್ದರೆ ಅದನ್ನೂ ಹೇಳಿ. ದೇವರನ್ನು ಬೈದೇ ಹಾಡುವ ನಿಂದಾಸ್ತುತಿಯ ಪರಂಪರೆ ನಮ್ಮ ಹರಿದಾಸರಲ್ಲಿ ಇರುವಾಗ ನೀವು ಸಂಕೋಚಪಡಬೇಕಾಗಿಲ್ಲ. ಹೇಳಿ ಮುಗಿದ ಮೇಲೆ ಕಿಷ್ಕಿಂಧಾಕಾಂಡದ 27ರಿಂದ 30ರವರೆಗಿನ ಸರ್ಗಗಳಲ್ಲಿ ಒಂದೆರಡು ಪುಟ ಓದಿ. ಸಂಸ್ಕೃತ ಬಾರದಿದ್ದರೆ ಕನ್ನಡ ಅನುವಾದ ಸಾಕು. ಮಾತು, ಓದು ಎರಡೂ ಬೇಡವೆನಿಸಿದ ದಿನ ಜಪಮಾಲೆಯ 108 ಮಣಿಗಳನ್ನು ಒಂದು ಸುತ್ತು ತಿರುಗಿಸಿ ಏಳಬಹುದು. ಎಣಿಕೆ ಹೆಚ್ಚಿದಷ್ಟೂ ಫಲ ಬೇಗ ಎಂಬ ಲೆಕ್ಕ ಮಾತ್ರ ಬೇಡ.

ಹರಕೆಯ ವಿಷಯ ಸ್ವಲ್ಪ ಸೂಕ್ಷ್ಮ. ಹರಕೆ ಹೊರುವುದು ತಪ್ಪೆಂದು ಹೇಳುವ ಅಧಿಕಾರ ನನಗಿಲ್ಲ, ನಮ್ಮ ಹಿರಿಯರೆಲ್ಲ ಹೊತ್ತವರೇ. ಆದರೆ ದಿನಕ್ಕೊಂದು ಹೊಸ ಹರಕೆ ಸೇರುತ್ತ ಹೋದರೆ ಗೆಳೆತನ ವ್ಯಾಪಾರವಾಗುತ್ತದೆ, ಕೊಟ್ಟದ್ದು ಸಾಲದಾಯಿತೇನೋ ಎಂಬ ಹೊಸ ಆತಂಕವೂ ಅಂಟಿಕೊಳ್ಳುತ್ತದೆ. ಒಂದನ್ನು ಹೊತ್ತು ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

ಕೈಗೆ ಒಂದು ಕೆಲಸವೂ ಇರಲಿ. ಪಂಪಾ ತೀರದ ಮತಂಗಾಶ್ರಮದಲ್ಲಿದ್ದ ಶಬರಿಗೆ, ರಾಮ ಬರುತ್ತಾನೆಂದು ಋಷಿಗಳು ಹೇಳಿ ಹೋಗಿದ್ದರು. ಯಾವಾಗ ಬರುತ್ತಾನೆಂದು ಅವಳಿಗೆ ತಿಳಿದಿರಲಿಲ್ಲ. ಅವಳು ಆ ತೀರದಲ್ಲಿ ಬೆಳೆಯುವ ಹಣ್ಣುಹಂಪಲುಗಳನ್ನು ಕೂಡಿಟ್ಟುಕೊಂಡಿದ್ದಳು. (ಕಚ್ಚಿ ರುಚಿ ನೋಡಿದ ಹಣ್ಣಿನ ಪ್ರಸಂಗ ವಾಲ್ಮೀಕಿಯಲ್ಲಿಲ್ಲ, ಅದು ಭಕ್ತರು ಪ್ರೀತಿಯಿಂದ ಸೇರಿಸಿದ್ದು.) ಆನೆಗೊಂದಿಯ ಹತ್ತಿರದ ಪಂಪಾ ಸರೋವರದ ಬಳಿ ಅವಳ ಗುಹೆಯೆಂದು ಇಂದಿಗೂ ತೋರಿಸುತ್ತಾರೆ. ಇನ್ನೊಬ್ಬರಿಗೆ ಉಪಯೋಗವಾಗುವ ಸಣ್ಣ ಕೆಲಸ, ಉದಾಹರಣೆಗೆ ವಾರ್ಡಿನ ಪಕ್ಕದ ಹಾಸಿಗೆಯವರಿಗೆ ಬಿಸಿನೀರು ತಂದುಕೊಡುವುದು, ಮನಸ್ಸನ್ನು ಸ್ವಲ್ಪ ಹೊತ್ತಾದರೂ ನಮ್ಮ ಚಿಂತೆಯಿಂದ ಆಚೆಗೆ ಕರೆದೊಯ್ಯುತ್ತದೆ.

ಲಕ್ಷ್ಮಣನಂಥ ಒಬ್ಬರು ಬೇಕೇ ಬೇಕು. ವಿಷಯವನ್ನು ಊರಿಗೆಲ್ಲ ಹೇಳದಿದ್ದರೂ, ಉಪದೇಶ ಕಡಿಮೆ ಮಾಡಿ ಕೇಳಿಸಿಕೊಳ್ಳುವ ಒಬ್ಬರಿಗೆ ತಿಳಿಸಿ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ ಜಪದ ಜೊತೆಗೆ ವೈದ್ಯರನ್ನೂ ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಮಾತನಾಡಬಹುದು.

ಹೇಳಿದ ದಿನ ಕಳೆದರೂ ಉತ್ತರ ಬಾರದಿದ್ದರೆ? ಸುಗ್ರೀವನೂ ಸುಖದಲ್ಲಿ ಮೈಮರೆತ. ರಾಮನಿಗೆ ಸಿಟ್ಟು ಬಂತು, ವಾಲಿ ಹೋದ ದಾರಿ ಇನ್ನೂ ಮುಚ್ಚಿಲ್ಲ ಎಂದು ಕಟುವಾಗಿಯೇ ಹೇಳಿ ಕಳಿಸಿದ. ಆದರೆ ಲಕ್ಷ್ಮಣ ಕೆರಳಿ ಹೊರಟಾಗ, ಒರಟು ಮಾತು ಬಿಟ್ಟು ಸಾಮದಿಂದ ಮಾತನಾಡು ಎಂದು ತಡೆದವನೂ ಅವನೇ. ತಾಳ್ಮೆಯೆಂದರೆ ಕೇಳದೆ ಕೂರುವುದೆಂದು ತಿಳಿಯಬೇಡಿ. ಕಚೇರಿಗೆ ಹೋಗಿ, ಅರ್ಜಿಯ ಪ್ರತಿ ತೋರಿಸಿ, ನೆನಪಿಸಿ ಬನ್ನಿ. ಇನ್ನೊಂದು ಸಂಗತಿ 29ನೆಯ ಸರ್ಗದಲ್ಲಿದೆ. ಅಷ್ಟರಲ್ಲಾಗಲೇ ಹನುಮಂತನು ಸುಗ್ರೀವನಿಗೆ ಎಚ್ಚರಿಕೆ ಹೇಳಿದ್ದ, ಸೈನ್ಯ ಕೂಡಿಸುವಂತೆ ನೀಲನಿಗೆ ಆಜ್ಞೆಯೂ ಆಗಿತ್ತು, ಬೆಟ್ಟದ ಮೇಲಿದ್ದ ರಾಮನಿಗೆ ಮಾತ್ರ ಅದು ತಿಳಿದಿರಲಿಲ್ಲ. ನಮ್ಮ ವಿಷಯದಲ್ಲೂ ಹಾಗೆಯೇ ನಡೆಯುತ್ತಿದೆ ಎಂದು ಖಚಿತವಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಏನೂ ನಡೆಯುತ್ತಿಲ್ಲ ಎಂದು ಖಚಿತವಾಗಿ ಹೇಳಲೂ ಆಗದು.

ಉತ್ತರ ಬಂದ ದಿನವೂ ಸಂಜೆಯ ಆ ಹೊತ್ತನ್ನು ತಪ್ಪಿಸಬೇಡಿ. ಒಳ್ಳೆಯದಾಗಿದ್ದರೆ ಸಿಹಿ ಹಂಚುವ ಗಡಿಬಿಡಿಯಲ್ಲಿ ಅದು ಮರೆತುಹೋಗುವುದೇ ಹೆಚ್ಚು. ಕೆಟ್ಟದಾಗಿದ್ದರೆ ಓದು, ಜಪ ಯಾವುದನ್ನೂ ಬಲವಂತವಾಗಿ ಮಾಡದೆ ಆದದ್ದನ್ನಷ್ಟೇ ಹೇಳಿ ಎದ್ದುಬಿಡಿ. ಕೆಲವು ದಿನ ಬಿಟ್ಟು, ಪುಸ್ತಕವನ್ನು ನಿಲ್ಲಿಸಿದ ಪುಟದಿಂದಲೇ ಮುಂದುವರಿಸಬಹುದು.