ಮೀಟರಿನ ಮುಳ್ಳು ಮತ್ತು ಬಿಳಿ ಪಂಚೆ

ಹಳೇ ಕ್ಯಾಮೆರಾದಲ್ಲಿ ರೀಲು ಹಾಕಿ ಫೋಟೋ ತೆಗೆಯೋದು ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಒಂದು ಬಾಡಿ, ಒಂದು ಲೆನ್ಸ್, ಒಂದೇ ಬಗೆಯ ರೀಲು ಇಟ್ಟುಕೊಳ್ಳಿ. ಬದಲಾಗುವುದು ಬೆಳಕು ಮಾತ್ರ ಆಗಿರಲಿ. ನಾನು ಕಲಿತದ್ದು ಪೆಂಟಾಕ್ಸ್ ಕೆ1000, 50 ಎಂಎಂ ಎಫ್/2 ಲೆನ್ಸ್ ಮತ್ತು ಇಲ್ಫರ್ಡ್ ಎಚ್‌ಪಿ5 ಪ್ಲಸ್ ಕಪ್ಪುಬಿಳುಪು ರೀಲಿನಲ್ಲಿ. ರೀಲಿನ ಸ್ಪೀಡ್, ಅಂದರೆ ಬೆಳಕಿಗೆ ಅದು ಎಷ್ಟು ಚುರುಕು ಅನ್ನುವ ಅಂಕಿ, 400.

ಕೆ1000 ಮಾರುಕಟ್ಟೆಗೆ ಬಂದದ್ದು 1976ರಲ್ಲಿ. 1997ರ ತನಕ ಹೆಚ್ಚುಕಡಿಮೆ ಹಾಗೇ ತಯಾರಾಗುತ್ತಿತ್ತು. ಅದರ ಷಟರ್, ಅಂದರೆ ರೀಲಿಗೆ ಬೆಳಕು ಬಿಟ್ಟು ಮುಚ್ಚುವ ಪರದೆ, ನಡೆಯುವುದು ಸ್ಪ್ರಿಂಗು, ಗೇರುಗಳ ಮೇಲೆ. ಒಳಗಿರುವ ಪುಟ್ಟ ಎಲ್‌ಆರ್44 ಸೆಲ್ ಬೇಕಾಗುವುದು ಬೆಳಕು ಅಳೆಯುವ ಲೈಟ್ ಮೀಟರಿಗೆ ಮಾತ್ರ. ಸೆಲ್ ಮುಗಿದರೂ ಫೋಟೋ ನಿಲ್ಲುವುದಿಲ್ಲ. ಮೀಟರಿಗೆ ಬೇರೆ ಸ್ವಿಚ್ ಇಲ್ಲ, ಆದ್ದರಿಂದ ಕೆಲಸ ಮುಗಿದ ತಕ್ಷಣ ಲೆನ್ಸಿಗೆ ಕ್ಯಾಪ್ ಹಾಕಿಬಿಡಬೇಕು. ಇಲ್ಲದಿದ್ದರೆ ಸೆಲ್ ಸುಮ್ನೆ ಖಾಲಿಯಾಗುತ್ತದೆ.

ನನಗೆ ಕ್ಯಾಮೆರಾ ಕೊಟ್ಟವರು ಮೈಸೂರಿನಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದ ಹಿರಿಯರು. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನವರ 'ಇಂದು' ರೀಲು ಅಂಗಡಿಗಳಲ್ಲಿ ಸಿಗುತ್ತಿದ್ದ ಕಾಲದವರು. ನಾನು ಲೆನ್ಸನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆ, "ಹಿಂದಿನ ಡೋರ್ ತೆಗೆದು ನೋಡಪ್ಪ, ಮುಂದಿನಿಂದ ಎಲ್ಲಾ ಕ್ಯಾಮೆರಾನೂ ಚೆನ್ನಾಗೇ ಕಾಣುತ್ತೆ" ಅಂದರು.

"ಏನು ನೋಡಬೇಕು ಸಾರ್?"

"ಕಿಟಕಿ ಕಡೆ ಹಿಡಿ. ಸಾವಿರಕ್ಕೆ ಇಟ್ಟು ಒತ್ತು. ಬೆಳಕು ಪೂರ್ತಿ ಕಾಣಬೇಕು."

ಅಂದರೆ 1/1000 ಸೆಕೆಂಡಿನಲ್ಲಿ ಷಟರ್ ಬಿಟ್ಟಾಗ ಚೌಕಟ್ಟಿನ ಒಂದು ಬದಿ ಕಪ್ಪಾಗಿ ಕಂಡರೆ ಬಟ್ಟೆಯ ಪರದೆಗಳ ಓಟ ತಪ್ಪಿದೆ ಎಂದರ್ಥ. ಆಮೇಲೆ 1 ಸೆಕೆಂಡಿಗೆ ಇಟ್ಟು ಕಿವಿಗೊಟ್ಟು ಕೇಳಬೇಕು, ಮಧ್ಯೆ ತಡವರಿಸಬಾರದು. ಡೋರಿನ ಅಂಚಿನ ಫೋಮ್ ಮುಟ್ಟಿದರೆ ಕಪ್ಪಗೆ ಅಂಟುತ್ತದಾ ನೋಡಬೇಕು. ಅಂಟಿದರೆ ಬದಲಿಸಬೇಕಷ್ಟೇ, ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯ ಫಂಗಸ್. ಲೆನ್ಸಿನ ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಜೇಡರ ಬಲೆಯಂಥ ಎಳೆ ಕಂಡರೆ ಆ ಲೆನ್ಸ್ ಬೇಡ. ಮಲೆನಾಡು, ಕರಾವಳಿಯ ಮನೆಗಳಲ್ಲಿ ವರ್ಷಗಟ್ಟಲೆ ಬೀರುವಿನಲ್ಲಿದ್ದ ಕ್ಯಾಮೆರಾ ಆದರಂತೂ ಇದನ್ನು ಬಿಡಲೇಬಾರದು.

ರೀಲು ಹಾಕುವುದು ನೆರಳಿನಲ್ಲೇ. ತುದಿಯನ್ನು ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಎರಡೂ ಬದಿಯ ತೂತುಗಳು ಹಲ್ಲಿನ ಮೇಲೆ ಕೂತವಾ ನೋಡಿ ಡೋರ್ ಮುಚ್ಚಬೇಕು. ಆಮೇಲೆ ರಿವೈಂಡ್ ಹಿಡಿಯನ್ನು ಬಿಗಿಯಾಗುವ ತನಕ ಮೆಲ್ಲಗೆ ಸುತ್ತಿ ಬಿಡಬೇಕು. ಮುಂದೆ ಲಿವರ್ ಎಳೆದ ಹಾಗೆಲ್ಲ ಆ ಹಿಡಿ ತಾನಾಗಿ ತಿರುಗುತ್ತಿದ್ದರೆ ರೀಲು ಓಡುತ್ತಿದೆ ಎಂದು ನಂಬಬಹುದು. ಎಣಿಕೆಯ ಅಂಕಿ ಮಾತ್ರ ನೋಡಿ ನಂಬಬೇಡಿ, ಒಳಗೆ ರೀಲು ಸಿಕ್ಕಿಕೊಳ್ಳದಿದ್ದರೂ ಅದು ಮುಂದೆ ಹೋಗುತ್ತಲೇ ಇರುತ್ತದೆ.

ಇಷ್ಟೆಲ್ಲ ಕೈಗೆ ಬೇಗ ಬರುತ್ತದೆ. ಸಮಯ ಹಿಡಿಯುವುದು ಮೀಟರ್ ಓದೋದು.

ಕೆ1000ರ ವ್ಯೂಫೈಂಡರಿನಲ್ಲಿ ಬಲಗಡೆ ಒಂದು ಮುಳ್ಳು ಇದೆ. ಷಟರ್ ಸ್ಪೀಡೋ, ಲೆನ್ಸಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರೋ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ತಿರುಗಿಸಿದರೆ ಅದು ಮೇಲೆ ಕೆಳಗೆ ಆಡುತ್ತದೆ. ನಡುವಿಗೆ ತಂದು ಒತ್ತು ಅನ್ನುತ್ತಾರೆ ಎಲ್ಲರೂ. ಆದರೆ ಮುಳ್ಳಿಗೆ ಪಂಚೆ ಯಾವುದು, ಕಲ್ಲು ಯಾವುದು ಗೊತ್ತಿಲ್ಲ. ಎದುರಿಗೆ ಏನೇ ಇದ್ದರೂ ಅದು ನಡುವಿನ ಬೂದು ಬಣ್ಣ ಎಂದುಕೊಂಡೇ ಲೆಕ್ಕ ಹಾಕುತ್ತದೆ. ಬಿಸಿಲಲ್ಲಿ ಜಗುಲಿಯ ಮೇಲೆ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟ ಅಜ್ಜ ಕೂತಿದ್ದಾರೆ ಅನ್ನಿ. ಚೌಕಟ್ಟಿನ ತುಂಬ ಬಿಳುಪೇ. ಮುಳ್ಳು ನಡುವಿಗೆ ಬಂದಾಗ ತೆಗೆದರೆ ಪಂಚೆ ಬೂದಿ ಬಣ್ಣಕ್ಕೆ ಇಳಿಯುತ್ತದೆ, ಅಜ್ಜನ ಮುಖ ಕಪ್ಪಾಗಿ ಹೋಗುತ್ತದೆ. ಅಲ್ಲಿ ಒಂದೂವರೆ ಸ್ಟಾಪ್ ಜಾಸ್ತಿ ಬೆಳಕು ಕೊಡಬೇಕು. ಒಂದು ಸ್ಟಾಪ್ ಜಾಸ್ತಿ ಅಂದರೆ ಎರಡರಷ್ಟು ಬೆಳಕು, ಕಡಿಮೆ ಅಂದರೆ ಅರ್ಧ. ಚಾಮುಂಡಿ ಬೆಟ್ಟದ ಕರಿ ನಂದಿಯ ಮುಂದೆ ನಿಂತರೆ ಇದು ಉಲ್ಟಾ. ಕಪ್ಪನ್ನೂ ಬೂದು ಮಾಡಲು ಹೊರಡುತ್ತದೆ ಮುಳ್ಳು. ಒಂದು ಸ್ಟಾಪ್ ಕಡಿಮೆ ಕೊಟ್ಟರೆ ನಂದಿ ಕಪ್ಪಾಗಿಯೇ ಉಳಿಯುತ್ತದೆ.

ಗೊಂದಲವಾದಾಗ ನಾನು ನೆಚ್ಚುವುದು ನನ್ನ ಅಂಗೈಯನ್ನು. ವಿಷಯದ ಮೇಲೆ ಬೀಳುವ ಬೆಳಕಿನಲ್ಲೇ ಅಂಗೈ ಹಿಡಿದು, ಅದೊಂದನ್ನೇ ಚೌಕಟ್ಟಿನ ತುಂಬ ತಂದು ಮೀಟರ್ ಮಾಡುತ್ತೇನೆ. ಅಂಗೈ ನಡುವಿನ ಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ. ಹಾಗಾಗಿ ಬಂದ ಲೆಕ್ಕಕ್ಕೆ ಒಂದು ಸ್ಟಾಪ್ ಸೇರಿಸಿದರೆ ಆಯಿತು. ಹಸಿರು ಹುಲ್ಲು ಪಕ್ಕದಲ್ಲಿದ್ದರೆ ಇನ್ನೂ ಸುಲಭ, ಅದು ನಡುವಿನ ಬೂದಿಗೆ ಹತ್ತಿರವೇ.

ಇದಕ್ಕಿಂತ ಹೆಚ್ಚು ಕಲಿಸಿದ್ದು ಊಹೆಯ ಅಭ್ಯಾಸ. ಒಳ್ಳೇ ಬಿಸಿಲಲ್ಲಿ ಎಫ್/16 ಇಟ್ಟು, ರೀಲಿನ ಸ್ಪೀಡಿಗೆ ಹತ್ತಿರದ ಷಟರ್ ಇಡಬೇಕು ಅನ್ನುವುದು ಹಳೇ ಲೆಕ್ಕ. 400ರ ರೀಲಿಗೆ 1/500. ಮೋಡ ಪೂರ್ತಿ ಮುಚ್ಚಿದ್ದರೆ ಎಫ್/8. ಕಟ್ಟಡದ ನೆರಳಲ್ಲಿ, ಮೇಲೆ ಆಕಾಶ ಕಾಣುತ್ತಿದ್ದರೆ ಎಫ್/4 ಅಥವಾ 5.6. ಕ್ಯಾಮೆರಾ ಕೈಯಲ್ಲಿಲ್ಲದೆ ನಡೆಯುವಾಗಲೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ: ಈ ಬಸ್ ಸ್ಟಾಂಡ್ ಒಳಗೆ ಎಷ್ಟು, ಈ ಹೊಂಗೆ ಮರದ ಕೆಳಗೆ ಎಷ್ಟು. ಕ್ಯಾಮೆರಾ ಇದ್ದ ದಿನ ಮೊದಲು ಊಹೆ, ಆಮೇಲೆ ಮುಳ್ಳು. ಬರುಬರುತ್ತಾ ಎರಡೂ ಒಂದೇ ಕಡೆ ನಿಲ್ಲತೊಡಗಿದವು. ಆಗ ಬಂದ ಖುಷಿ ಡಿಜಿಟಲ್ ಕ್ಯಾಮೆರಾದ ಪರದೆ ನನಗೆ ಯಾವತ್ತೂ ಕೊಟ್ಟಿಲ್ಲ.

ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಫೋಕಸ್ ಮಾಡುತ್ತಾ ನಿಂತರೆ ಜನ ಸರಿದುಬಿಡುತ್ತಾರೆ. ಅಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಎಫ್/11 ಇಟ್ಟು, ಲೆನ್ಸನ್ನು 3 ಮೀಟರಿಗೆ ತಿರುಗಿಸಿಟ್ಟರೆ ಸುಮಾರು 2ರಿಂದ 5 ಮೀಟರ್ ತನಕ ಎಲ್ಲವೂ ಸ್ಪಷ್ಟ. ಲೆನ್ಸಿನ ಮೇಲೆಯೇ ಆ ಗೆರೆಗಳಿವೆ, ಓದಿಕೊಂಡರೆ ಸಾಕು. ಕ್ಯಾಮೆರಾ ಎತ್ತಿ ಒತ್ತುವುದಷ್ಟೇ ಉಳಿಯುತ್ತದೆ. ಮೈಸೂರಿನವರೇ ಆದ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡಿ. ಅಂಥ ಸಾಮಾನ್ಯ ಜನರ ಸಾಮಾನ್ಯ ಗಳಿಗೆಗಳು ಅವು.

ರೀಲು ತೊಳೆಯುವುದನ್ನು, ಅಂದರೆ ಡೆವಲಪ್ ಮಾಡುವುದನ್ನು, ಮನೆಯಲ್ಲೇ ಮಾಡಿ ಎಂದೇ ನನ್ನ ಒತ್ತಾಯ. ಕಲರ್ ಆದರೆ ರಾಸಾಯನಿಕದ ಬಿಸಿ 38 ಡಿಗ್ರಿಯಲ್ಲೇ ನಿಲ್ಲಬೇಕು, ಅದನ್ನು ಲ್ಯಾಬಿಗೇ ಕೊಡಬಹುದು. ಕಪ್ಪುಬಿಳುಪಿಗೆ ಬಚ್ಚಲುಮನೆ ಸಾಕು, ಕತ್ತಲಕೋಣೆಯೂ ಬೇಡ. ಬೆಳಕು ಹೋಗದ ಚೀಲದೊಳಗೆ ಕೈ ಹಾಕಿ ರೀಲನ್ನು ಡೆವಲಪ್ ಮಾಡುವ ಪುಟ್ಟ ಟ್ಯಾಂಕಿಗೆ ಸೇರಿಸಿ ಮುಚ್ಚಳ ಹಾಕಿದರೆ ಮಿಕ್ಕದ್ದೆಲ್ಲ ದೀಪದಡಿಯಲ್ಲೇ. ಎಚ್‌ಪಿ5ಗೆ ಚಿತ್ರ ಮೂಡಿಸುವ ರಾಸಾಯನಿಕವಾದ ಡಿ-76 ಡೆವಲಪರನ್ನು ಸಮಸಮ ನೀರು ಬೆರೆಸಿ ಬಳಸಿದರೆ 20 ಡಿಗ್ರಿಯಲ್ಲಿ 11 ನಿಮಿಷ. ಬೇಸಿಗೆಯಲ್ಲಿ ನಮ್ಮ ನಲ್ಲಿ ನೀರು 20ಕ್ಕೆ ಎಲ್ಲಿ ಸಿಗುತ್ತದೆ? ಬಕೆಟ್ಟಿಗೆ ಐಸ್ ಹಾಕಿ, ಡೆವಲಪರಿನ ಬಾಟಲನ್ನು ಅದರಲ್ಲಿ ಕೂರಿಸಿ ತಣಿಸುತ್ತೇನೆ. ಬೋರ್‌ವೆಲ್ ನೀರಿನ ಮನೆಯಾದರೆ ಕೊನೆಯ ತೊಳೆತ ಫಿಲ್ಟರ್ ನೀರಿನಲ್ಲೇ ಆಗಬೇಕು, ಇಲ್ಲದಿದ್ದರೆ ಒಣಗಿದ ಮೇಲೆ ಸುಣ್ಣದ ಚುಕ್ಕೆ ಉಳಿಯುತ್ತದೆ. ನೇತುಹಾಕುವ ಮೊದಲು ಬಚ್ಚಲಿನಲ್ಲಿ ಬಿಸಿನೀರು ಬಿಟ್ಟರೆ ಆವಿಗೆ ಧೂಳೆಲ್ಲ ಕೆಳಗೆ ಕೂರುತ್ತದೆ.

ಒಣಗಿದ ನೆಗೆಟಿವನ್ನು ಕಿಟಕಿಗೆ ಹಿಡಿದು, ತೆಗೆಯುವಾಗ ಬರೆದುಕೊಂಡ ನೋಟ್‌ಬುಕ್ಕಿನ ಜೊತೆ ಇಟ್ಟು ನೋಡಬೇಕು. ಚಿತ್ರದ ನೆರಳಿನ ಜಾಗಗಳನ್ನು ಮೊದಲು ಹುಡುಕಿ. ಅಲ್ಲಿ ನೆಗೆಟಿವ್ ಗಾಜಿನಷ್ಟು ಖಾಲಿ ಇದ್ದರೆ ಬೆಳಕು ಸಾಲಲಿಲ್ಲ, ಅದನ್ನು ಯಾವ ಸ್ಕ್ಯಾನರೂ ತಂದುಕೊಡುವುದಿಲ್ಲ. ಸ್ವಲ್ಪ ಜಾಸ್ತಿಯಾಗಿ ದಟ್ಟವಾಗಿದ್ದರೆ ಚಿಂತೆಯಿಲ್ಲ, ಈ ರೀಲು ಅದನ್ನು ತಡೆದುಕೊಳ್ಳುತ್ತದೆ. ಅನುಮಾನ ಬಂದ ಕಡೆ ನಾನು ಈಗಲೂ ಒಂದು ಸ್ಟಾಪ್ ಜಾಸ್ತಿ ಕೊಟ್ಟೇ ಒತ್ತುತ್ತೇನೆ.