ಲ್ಯಾಪ್‌ಟಾಪೇ ಸರ್ವರ್ ಆದಾಗ: ಕನ್ನಡ ಪುಟಗಳನ್ನು ನಾನು ಪರೀಕ್ಷಿಸುವ ಬಗೆ

ಕನ್ನಡ ಪದಕೋಶದ ಒಂದು ಪುಟ್ಟ ಹುಡುಕುಪುಟವನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಒಂದು ಎಚ್‌ಟಿಎಂಎಲ್, ಒಂದು ಸಿಎಸ್‌ಎಸ್, ಎರಡು ಜಾವಾಸ್ಕ್ರಿಪ್ಟ್ ಮಾಡ್ಯೂಲು, ಪದಗಳೆಲ್ಲ ಇರುವ ಒಂದು ಜೇಸನ್ ಫೈಲು, ಜೊತೆಗೆ ಉಚ್ಚಾರಣೆಯ ಆಡಿಯೊ. ಎಚ್‌ಟಿಎಂಎಲ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಪುಟವೇನೋ ತೆರೆಯುತ್ತದೆ. ‘ಹುಡುಕು’ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ. ಬ್ರೌಸರಿನ ಕನ್ಸೋಲ್ ತುಂಬ ಕೆಂಪಕ್ಷರದಲ್ಲಿ ಕಾರ್ಸ್ ದೂರು, ಅಂದರೆ ಬೇರೆ ಮೂಲದ ಫೈಲನ್ನು ಓದಲು ಬಿಡದ ಬ್ರೌಸರ್ ನಿಯಮದ ತಕರಾರು. ಕೋಡಿನಲ್ಲಿ ತಪ್ಪಿರುವುದಿಲ್ಲ. ವಿಳಾಸ ‘ಫೈಲ್’ ಎಂದು ಶುರುವಾದರೆ ಬ್ರೌಸರ್ ಆ ಪುಟದ ಆರಿಜಿನ್ ಅನ್ನು (ಪುಟ ಎಲ್ಲಿಂದ ಬಂತು ಎಂಬ ಗುರುತನ್ನು) ‘ನಲ್’ ಎಂದು ಎಣಿಸುತ್ತದೆ. ಆಗ ಮಾಡ್ಯೂಲೂ ಲೋಡ್ ಆಗದು, ಫೆಚ್ ಮಾಡಿದ ಜೇಸನ್ನೂ ಬರದು. ಸ್ಲ್ಯಾಶ್‌ನಿಂದ ಶುರುವಾಗುವ ಪಾತ್‌ಗಳಂತೂ ಪ್ರಾಜೆಕ್ಟ್ ಬಿಟ್ಟು ಡಿಸ್ಕಿನ ಬುಡಕ್ಕೇ ಹೋಗಿ ಹುಡುಕುತ್ತವೆ.

ಲ್ಯಾಪ್‌ಟಾಪಿನಲ್ಲೇ ಒಂದು ಸರ್ವರ್ ಓಡಿಸಿ, ಪುಟವನ್ನು ಅದರ ಮೂಲಕ ತೆರೆಯುವುದೇ ಮದ್ದು. ಇಷ್ಟಕ್ಕೆ ದೊಡ್ಡ ಸರಂಜಾಮು ಬೇಡ. ಪೈಥಾನ್ ಇದ್ದರೆ ಅದರೊಳಗಿನ ‘ಎಚ್‌ಟಿಟಿಪಿ.ಸರ್ವರ್’ ಮಾಡ್ಯೂಲೇ ಸಾಕು: ಪ್ರಾಜೆಕ್ಟ್ ಫೋಲ್ಡರಿಗೆ ಹೋಗಿ ‘-ಎಂ’ ಆಯ್ಕೆ ಕೊಟ್ಟು ಅದನ್ನು ಓಡಿಸಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:8000 (ಇದೇ ಯಂತ್ರದ 8000ನೇ ಪೋರ್ಟ್, ಅಂದರೆ ಸರ್ವರಿನ ಬಾಗಿಲು) ತೆರೆದರಾಯಿತು. ಪಿಎಚ್‌ಪಿ ಬಳಸುವವರಿಗೆ 5.4ನೇ ಆವೃತ್ತಿಯಿಂದಲೇ ‘-ಎಸ್’ ಆಯ್ಕೆಯ ಒಳಸರ್ವರ್ ಇದೆ. ಡೇಟಾಬೇಸ್ ಬೇಕಾದಾಗ ಮಾತ್ರ ನಾನು ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುವ ಕ್ಸಾಂಪ್‌ನಂಥ ಪೂರ್ತಿ ಕಟ್ಟು ಹಾಕಿಕೊಳ್ಳುತ್ತೇನೆ. ಆಗ ಟೇಬಲ್ ಮಾಡುವಾಗಲೇ ಕ್ಯಾರೆಕ್ಟರ್ ಸೆಟ್ ಅನ್ನು (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಬಗೆಯನ್ನು) ಯುಟಿಎಫ್8ಎಂಬಿ4 ಎಂದು ಕೊಡಬೇಕು. ಟೇಬಲ್ ಕನ್ನಡಕ್ಕೆ ಜಾಗವಿಲ್ಲದ ಲ್ಯಾಟಿನ್1ರಲ್ಲಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿದುಬಿಡಬಹುದು. ಒಮ್ಮೆ ಹಾಗೆ ಸೇವ್ ಆದದ್ದನ್ನು ಮತ್ತೆ ಅಕ್ಷರವಾಗಿಸಲು ದಾರಿಯಿಲ್ಲ.

ಪೈಥಾನ್ ಸರ್ವರ್ ತಾನಾಗಿ ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ ಬಾಗಿಲು ತೆರೆದಿಡುತ್ತದೆ. ಅದೇ ವೈಫೈನಲ್ಲಿ ಇರುವವರು ನಿಮ್ಮ ಫೋಲ್ಡರಿನ ಪಟ್ಟಿಯನ್ನೇ ನೋಡಬಹುದು, ಚುಕ್ಕಿಯಿಂದ ಶುರುವಾಗುವ ಗಿಟ್ ಫೋಲ್ಡರು, ಪಾಸ್‌ವರ್ಡ್ ಇಟ್ಟ ಎನ್ವ್ ಫೈಲೂ ಸೇರಿ. ಹಾಗಾಗಿ ‘ಬೈಂಡ್’ ಆಯ್ಕೆಗೆ ಈ ಯಂತ್ರಕ್ಕಷ್ಟೇ ಸೀಮಿತವಾದ 127.0.0.1 ವಿಳಾಸ ಕೊಡುತ್ತೇನೆ, ‘ಡೈರೆಕ್ಟರಿ’ ಆಯ್ಕೆಯಿಂದ ಹೊರಗೆ ತೋರಿಸಬೇಕಾದ ಒಳಫೋಲ್ಡರನ್ನಷ್ಟೇ ಬಡಿಸುತ್ತೇನೆ.

ತಿದ್ದಿದ್ದು ಪುಟದಲ್ಲಿ ಕಾಣದಿರುವುದು ದಿನನಿತ್ಯದ ಕಿರಿಕಿರಿ. ಈ ಸರ್ವರ್, ಫೈಲು ಕೊನೆಯ ಸಲ ಬದಲಾದ ಸಮಯ ಹೇಳುತ್ತದೆಯೇ ಹೊರತು ಬ್ರೌಸರ್ ತನ್ನ ಕ್ಯಾಶ್‌ನಲ್ಲಿ (ಉಳಿಸಿಟ್ಟ ಪ್ರತಿಗಳಲ್ಲಿ) ಅದನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದು ಹೇಳುವುದಿಲ್ಲ. ಬ್ರೌಸರ್ ತನ್ನದೇ ಅಂದಾಜಿನಲ್ಲಿ ಹಳೇ ಜೇಸನ್ ಹಿಡಿದು ಕೂರುತ್ತದೆ. ಬ್ರೌಸರಿನ ಪರೀಕ್ಷಾ ಕಿಟಕಿಯಾದ ಡೆವ್‌ಟೂಲ್ಸ್‌ನಲ್ಲಿ ಕ್ಯಾಶ್ ನಿಲ್ಲಿಸುವ ಗುರುತು ಹಾಕಬಹುದು, ಆದರೆ ಆ ಕಿಟಕಿ ತೆರೆದಿರುವಷ್ಟು ಹೊತ್ತು ಮಾತ್ರ ಅದರ ಆಟ. ಇದರ ಬದಲು ಹತ್ತು-ಹನ್ನೆರಡು ಸಾಲಿನ ನನ್ನದೇ ಸರ್ವರ್ ಫೈಲು ಬರೆದಿಟ್ಟುಕೊಂಡಿದ್ದೇನೆ: ಪೈಥಾನ್‌ನ ಸಿಂಪಲ್ ಹ್ಯಾಂಡ್ಲರ್ ಕ್ಲಾಸನ್ನು ವಿಸ್ತರಿಸಿ, ಉತ್ತರದ ಜೊತೆ ಹೋಗುವ ಹೆಡರ್ ಸಾಲುಗಳು ಮುಗಿಯುವ ಜಾಗದಲ್ಲಿ ‘ಕ್ಯಾಶ್-ಕಂಟ್ರೋಲ್: ನೋ-ಸ್ಟೋರ್’ (ಪ್ರತಿ ಉಳಿಸಬೇಡ) ಎಂದು ಸೇರಿಸುವುದು, ಅಷ್ಟೇ. ಅದೇ ಫೈಲಿನಲ್ಲಿ ಇನ್ನೊಂದು ರೋಗಕ್ಕೂ ಮದ್ದು ಹಾಕಬಹುದು. ವಿಂಡೋಸ್‌ನಲ್ಲಿ ಪೈಥಾನ್ ಫೈಲಿನ ಬಗೆಯನ್ನು ರಿಜಿಸ್ಟ್ರಿಯಿಂದಲೂ ಓದುತ್ತದೆ. ಯಾವುದೋ ತಂತ್ರಾಂಶ ಅಲ್ಲಿ ಜೆಎಸ್ ಎಂದರೆ ಬರೀ ಪಠ್ಯ ಎಂದು ಬರೆದಿಟ್ಟಿದ್ದರೆ, ಬ್ರೌಸರ್ ಮಾಡ್ಯೂಲನ್ನು ಮುಟ್ಟುವುದೇ ಇಲ್ಲ. ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಜೆಎಸ್‌ಗೆ ‘ಟೆಕ್ಸ್ಟ್/ಜಾವಾಸ್ಕ್ರಿಪ್ಟ್’ ಎಂದು ನಾವೇ ಬರೆದರೆ ತಕರಾರು ಮುಗಿಯಿತು.

ಎಚ್‌ಟಿಎಂಎಲ್‌ಗೆ ಚಾರ್ಸೆಟ್ (ಅಕ್ಷರಗಳು ಯಾವ ಸಂಕೇತದಲ್ಲಿವೆ ಎಂಬ ಮಾಹಿತಿ) ಮಾತ್ರ ನಾನು ಸರ್ವರಿನಲ್ಲಿ ಸೇರಿಸುವುದಿಲ್ಲ, ಬೇಕೆಂದೇ. ಪೈಥಾನ್ ಅದನ್ನು ಕಳಿಸದಿರುವುದರಿಂದ, ಪುಟದಲ್ಲಿ ಮೆಟಾ ಚಾರ್ಸೆಟ್ ಯುಟಿಎಫ್-8 ಮರೆತಿದ್ದರೆ ಮನೆಯಲ್ಲೇ ಸಿಕ್ಕಿಬೀಳುತ್ತದೆ. ಕನ್ನಡದ ಒಂದೊಂದು ಕೋಡ್‌ಪಾಯಿಂಟೂ (ಯುನಿಕೋಡ್ ಸಂಕೇತವೂ) ಯುಟಿಎಫ್-8ರಲ್ಲಿ 3 ಬೈಟ್. ಬ್ರೌಸರ್ ತಪ್ಪು ಊಹಿಸಿದರೆ ಒಂದಕ್ಷರದ ಜಾಗದಲ್ಲಿ ಮೂರು ವಿಚಿತ್ರ ಗುರುತು ಕಾಣುತ್ತವೆ. ಆ ಮೆಟಾ ಸಾಲು ಫೈಲಿನ ಮೊದಲ 1024 ಬೈಟ್ ಒಳಗೇ ಇರಬೇಕು. ಅದರ ಮೇಲೆ ಕನ್ನಡದಲ್ಲಿ ಉದ್ದ ಟಿಪ್ಪಣಿ ಬರೆದರೆ ಸುಮಾರು 340 ಕೋಡ್‌ಪಾಯಿಂಟಿಗೇ ಆ ಜಾಗ ಮುಗಿಯುತ್ತದೆ, ಗುಣಿತ-ಒತ್ತುಗಳನ್ನೂ ಬಿಡಿಬಿಡಿಯಾಗಿ ಎಣಿಸಿ.

ಫೈಲಿಗೆ ಕನ್ನಡ ಹೆಸರು ಇಡುವ ಆಸೆ ನನಗೂ ಇತ್ತು, ಈಗ ಇಲ್ಲ. ‘ಕೊಡೆ’ ಎಂಬ ಹೆಸರಿನಲ್ಲಿ ‘ೊ’ ಒಂದೇ ಸಂಕೇತವಾಗಿರಬಹುದು, ಇಲ್ಲವೇ ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳ ಜೋಡಿಯಾಗಿರಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಫೈಲ್‌ಸಿಸ್ಟಂ ಎರಡನ್ನೂ ಒಂದೆಂದು ಒಪ್ಪಿ ಆಡಿಯೊ ನುಡಿಸುತ್ತದೆ, ಲಿನಕ್ಸ್ ಸರ್ವರ್ 404, ಅಂದರೆ ಫೈಲು ಸಿಗಲಿಲ್ಲ ಎಂಬ ಉತ್ತರ ಕೊಡುತ್ತದೆ. ಆಡಿಯೊಗಳಿಗೆ ಬರೀ ಸಂಖ್ಯೆಯ ಹೆಸರಿಟ್ಟು, ಯಾವ ಪದಕ್ಕೆ ಯಾವ ಸಂಖ್ಯೆ ಎಂಬುದನ್ನು ಜೇಸನ್ನಿಗೆ ಬಿಟ್ಟಿದ್ದೇನೆ. ಅಂದಹಾಗೆ, ಪೈಥಾನ್‌ನ ಈ ಸರ್ವರ್, ಫೈಲಿನ ನಡುವಿನ ತುಣುಕನ್ನಷ್ಟೇ ಕೊಡಲಾರದು. ಉದ್ದದ ಆಡಿಯೊ, ವಿಡಿಯೊ ಮುಂದಕ್ಕೆ ಎಳೆದಾಗ ಮತ್ತೆ ಮೊದಲಿಗೇ ಬಂದರೆ ನಿಮ್ಮ ಪ್ಲೇಯರನ್ನು ಬೈಯಬೇಡಿ.

ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂಬ ಸಂದೇಶ ಬಂದರೆ ಹೆಚ್ಚಿನ ಸಲ ಕಾರಣ ಒಂದೇ: ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಕಂಟ್ರೋಲ್-ಸಿ ಒತ್ತುವ ಬದಲು ಕಂಟ್ರೋಲ್-ಝಡ್ ಒತ್ತಿರುತ್ತೀರಿ. ಸರ್ವರ್ ಸತ್ತಿರುವುದಿಲ್ಲ, ಪೋರ್ಟ್ ಹಿಡಿದುಕೊಂಡೇ ಮಲಗಿರುತ್ತದೆ. ‘ಎಫ್‌ಜಿ’ ಕೊಟ್ಟು ಎಬ್ಬಿಸಿ ಕಂಟ್ರೋಲ್-ಸಿ ಒತ್ತಿ.

ಫೋನಿನಲ್ಲಿ ನೋಡುವ ಭಾಗಕ್ಕೆ ಹೆಚ್ಚು ತಾಳ್ಮೆ ಬೇಕು. ಬೈಂಡ್‌ಗೆ 0.0.0.0 (ಅಂದರೆ ಎಲ್ಲ ವಿಳಾಸಗಳೂ) ಕೊಟ್ಟು, ಲ್ಯಾಪ್‌ಟಾಪಿನ 192.168ರಿಂದ ಶುರುವಾಗುವ ವಿಳಾಸವನ್ನು ಫೋನಿನಲ್ಲಿ ಟೈಪ್ ಮಾಡುವುದು ಸುಲಭದ ದಾರಿ. ಪುಟ ಬಾರದಿದ್ದರೆ ಮೊದಲು ಫೈರ್‌ವಾಲ್ ನೋಡಿ. ಅತಿಥಿ ವೈಫೈ ಆದರೆ ರೌಟರೇ ಎರಡು ಸಾಧನಗಳು ಒಂದನ್ನೊಂದು ಕಾಣದಂತೆ ಮಾಡಿರಬಹುದು. ಪುಟ ಬಂದರೂ ದನಿಯಿಂದ ಹುಡುಕಲು ಮೈಕ್ ಸಿಗುವುದಿಲ್ಲ, ನೆಟ್ ಇಲ್ಲದಾಗ ನಡೆಯಲು ಬೇಕಾದ ಸರ್ವಿಸ್ ವರ್ಕರೂ ನೋಂದಾಯಿಸಿಕೊಳ್ಳುವುದಿಲ್ಲ. ಎಚ್‌ಟಿಟಿಪಿಎಸ್ ಇಲ್ಲದೆಯೂ ಬ್ರೌಸರ್ ನಂಬುವುದು ಲೋಕಲ್‌ಹೋಸ್ಟ್ ಅಥವಾ 127ರ ವಿಳಾಸವನ್ನು, 192.168ಕ್ಕೆ ಆ ರಿಯಾಯಿತಿ ಇಲ್ಲ.

ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಯುಎಸ್‌ಬಿ ಕೇಬಲೇ ಒಳ್ಳೆಯದು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿ ಡೆವಲಪರ್ ಆಯ್ಕೆ ತೆರೆದು, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ. ಲ್ಯಾಪ್‌ಟಾಪಿನಲ್ಲಿ ಎಡಿಬಿಯ (ಆಂಡ್ರಾಯ್ಡ್ ಫೋನಿಗೆ ಆಜ್ಞೆ ಕೊಡುವ ಸಲಕರಣೆಯ) ‘ರಿವರ್ಸ್’ ಆಜ್ಞೆಗೆ ಎರಡೂ ಕಡೆಯ ಪೋರ್ಟು ಟಿಸಿಪಿ:8000 ಎಂದು ಕೊಡಿ. ಈಗ ಫೋನಿನ ಕ್ರೋಮ್‌ನಲ್ಲೂ ಲೋಕಲ್‌ಹೋಸ್ಟ್:8000 ಎಂದೇ ತೆರೆಯಬಹುದು. ಮೈಕ್ ಕೇಳುತ್ತದೆ, ವರ್ಕರ್ ಏಳುತ್ತದೆ, ಬೈಂಡನ್ನು 127.0.0.1ಕ್ಕೇ ಬಿಡಬಹುದು. ಕೇಬಲ್ ಕಿತ್ತರೆ ಆಜ್ಞೆಯನ್ನು ಮತ್ತೆ ಕೊಡಬೇಕು. ಐಫೋನಿಗೆ ಈ ಸೌಲಭ್ಯವಿಲ್ಲ. ಎಂಕೆಸರ್ಟ್ ಎಂಬ ಸಲಕರಣೆಯಿಂದ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಮಾಡಿ, ಅದರ ರೂಟ್ ಫೈಲನ್ನು ಫೋನಿಗೆ ಹಾಕಿ, ‘ಅಬೌಟ್’ ಒಳಗಿನ ಸರ್ಟಿಫಿಕೇಟ್ ಟ್ರಸ್ಟ್ ಪುಟದಲ್ಲಿ ಬೇರೆಯಾಗಿ ಆನ್ ಮಾಡಬೇಕು. ಆ ಕೊನೆಯ ಹೆಜ್ಜೆ ಬಿಟ್ಟರೆ ಸಫಾರಿ ಎಚ್ಚರಿಕೆ ಕೊಡುತ್ತಲೇ ಇರುತ್ತದೆ.

ಪುಟವನ್ನು ಗಿಟ್‌ಹಬ್‌ನ ವೆಬ್‌ಪುಟ ಸೇವೆಯಾದ ಗಿಟ್‌ಹಬ್ ಪೇಜಸ್‌ಗೆ ಹಾಕುವುದಾದರೆ ಇನ್ನೊಂದು ಕೆಲಸ ಉಳಿದಿದೆ. ಅಲ್ಲಿ ಪ್ರಾಜೆಕ್ಟ್ ಪುಟದ ವಿಳಾಸ ಡೊಮೇನಿನ ಬುಡದಲ್ಲಿರದೆ, ರೆಪೊ (ಕೋಡ್ ಇಡುವ ಸಂಗ್ರಹ) ಹೆಸರಿನ ಕೆಳಗೆ ಇರುತ್ತದೆ. ಸ್ಲ್ಯಾಶ್‌ನಿಂದ ಶುರುವಾದ ಪಾತ್‌ಗಳು ಮನೆಯಲ್ಲಿ ಸರಿಯಿದ್ದು ಅಲ್ಲಿ ಮುರಿಯುವುದು ಇದಕ್ಕೇ. ಕಳಿಸುವ ಮುಂಚೆ ಸರ್ವರನ್ನು ಒಂದು ಫೋಲ್ಡರ್ ಮೇಲಿನಿಂದ ಓಡಿಸಿ, ಲೋಕಲ್‌ಹೋಸ್ಟ್:8000ರ ಮುಂದೆ ರೆಪೊ ಹೆಸರು ಸೇರಿಸಿ ತೆರೆಯಿರಿ. ನೆಟ್‌ವರ್ಕ್ ಟ್ಯಾಬಿನಲ್ಲಿ 404 ಎಷ್ಟಿವೆ ಎಂದು ಆಗಲೇ ಗೊತ್ತಾಗುತ್ತದೆ.