ಸ್ಪ್ಯಾನರ್ ಎಲ್ಲಿದೆ?

ನಾನು ತೀರ್ಥಹಳ್ಳಿಯ ಒಂದು ಆಸ್ಪತ್ರೆಯಲ್ಲಿ ಐಸಿಯು ನೋಡಿಕೊಳ್ಳುವ ನರ್ಸ್. ನಮ್ಮ ಕೈಲಾಗದ ಕೇಸುಗಳನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಕಳಿಸಬೇಕು. ಒಂದು ಕಡೆ 60 ಕಿಲೋಮೀಟರ್ ಕಾಡುದಾರಿ, ಇನ್ನೊಂದು ಕಡೆ ಆಗುಂಬೆ ಘಾಟಿ.

ಒಂದು ಮಳೆಗಾಲದ ರಾತ್ರಿ, ನ್ಯುಮೋನಿಯಾ ಜಾಸ್ತಿಯಾಗಿ ಉಸಿರಾಟಕ್ಕೆ ಬಾಯಿಂದ ಟ್ಯೂಬ್ ಹಾಕಿದ್ದ ಅಜ್ಜನೊಬ್ಬನನ್ನು ಆಂಬುಲೆನ್ಸ್‌ನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದೆ. ದಾರಿಗೆ ಮರ ಬಿದ್ದು ತಡವಾಗಿತ್ತು. ಮಂಡಗದ್ದೆ ದಾಟುವಾಗ ಆಕ್ಸಿಜನ್ ಸಿಲಿಂಡರ್ ಖಾಲಿ. ಇನ್ನೊಂದು ತುಂಬಿದ್ದು ಪಕ್ಕದಲ್ಲೇ ಇತ್ತು. ಸಿಲಿಂಡರ್ ಬಾಯಿಯ ರೆಗ್ಯುಲೇಟರ್ ಬಿಚ್ಚುವ ಸ್ಪ್ಯಾನರ್ ಮಾತ್ರ ಐಸಿಯು ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು! ಬರೀ ಹೊರಗಿನ ಗಾಳಿಯಲ್ಲಿ ಆಂಬು, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಒತ್ತುತ್ತಾ ಕೂತೆ. ರಕ್ತದಲ್ಲಿನ ಆಕ್ಸಿಜನ್ ಮಟ್ಟ (ಸ್ಯಾಚುರೇಷನ್) ಶೇಕಡಾ 82ಕ್ಕೆ ಇಳಿಯಿತು. ಡ್ರೈವರ್ ಅಣ್ಣ ಒಂದು ಲಾರಿ ನಿಲ್ಲಿಸಿ ಸ್ಪ್ಯಾನರ್ ಇಸ್ಕೊಂಡು ಬಂದರು. ಅದರ ಮೈತುಂಬ ಗ್ರೀಸು. ಆಕ್ಸಿಜನ್ ಇರುವ ಕಡೆ ಗ್ರೀಸ್ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಒಣ ಗಾಜ್ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಒರೆಸಿ, ಆಮೇಲೆ ತಿರುಗಿಸಿದೆವು. ಅಜ್ಜ ಉಳಿದ. ಹೊರಡುವ ಮುಂಚೆ ಸಿಲಿಂಡರ್ ಮೀಟರಿನ ಮುಳ್ಳು ನೋಡದೆ ಹತ್ತಿದವಳು ನಾನೇ.

ಅದಕ್ಕೂ ಮೊದಲು ನಮಗೆ ರೋಗಿಯನ್ನು ಸಾಗಿಸುವ ಟ್ರೇನಿಂಗ್ ಆಗಿರಲಿಲ್ಲ ಅಂತಲ್ಲ. ಸ್ಲೈಡ್ ತೋರಿಸಿ, ಸಹಿ ಹಾಕಿಸಿ, ಕಾಫಿ ಕೊಟ್ಟು ಕಳಿಸಿದ್ದರು. ಸ್ಲೈಡ್ ನೋಡಿ ಯಾರೂ ಸ್ಟ್ರೆಚರ್ ತಳ್ಳಲು ಕಲಿಯುವುದಿಲ್ಲ.

ಹಾಗಾಗಿ ನಮ್ಮಲ್ಲೇ ಉದ್ದನೆಯ ವಾರ್ಡ್ ಬಾಯ್ ಒಬ್ಬನನ್ನು ಸ್ಟ್ರೆಚರ್ ಮೇಲೆ ಮಲಗಿಸಿದೆ. ಮಾನಿಟರ್, ಔಷಧಿ ಹರಿಸುವ ಪಂಪ್, ಸಿಲಿಂಡರ್ ಎಲ್ಲಾ ಕಟ್ಟಿ ಐಸಿಯುನಿಂದ ಸಿಟಿ ಸ್ಕ್ಯಾನ್ ರೂಮಿಗೆ ಹೊರಟೆವು. ಲಿಫ್ಟ್ ಬಾಗಿಲಲ್ಲೇ ಡ್ರಿಪ್ ಸ್ಟ್ಯಾಂಡ್ ಸಿಕ್ಕಿಹಾಕಿಕೊಂಡಿತು. ಪಂಪ್ ಬ್ಯಾಟರಿ ಐದೇ ನಿಮಿಷಕ್ಕೆ ಕೂಗಿತು. ಸುಮ್ನೆ ಮಲಗಿರು ಅಂದಿದ್ದರೂ ಅವನು, "ಸಿಸ್ಟರ್, ತಿರುವಿನಲ್ಲಿ ತಲೆ ಧಡ್ ಅಂತು ಮಾರಾಯ್ರೇ" ಎಂದ. ಮಾತಾಡಲಾಗದ ರೋಗಿಗೂ ಹಾಗೇ ಆಗಿರುತ್ತದೆ ಅಲ್ವಾ?

ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕವನ್ನು ಆಯಾಗಳಿಗೂ ಕಲಿಸಿದೆ. ಬಿ ಟೈಪ್ ಸಿಲಿಂಡರ್ ಆದರೆ ಮುಳ್ಳು ತೋರಿಸುವ ಅಂಕಿಯನ್ನು 10ರಿಂದ ಗುಣಿಸಿ: 150 ಇದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ. ಮುಳ್ಳು 50ಕ್ಕೆ ಬಂದಿದ್ದರೆ 50 ನಿಮಿಷ, ಅಷ್ಟೇ. ದಾರಿಗೆ ಬೇಕಾದ್ದರ ಎರಡರಷ್ಟು ಇಲ್ಲದೆ ಗಾಡಿ ಹೊರಡಬಾರದು. ಸ್ಪ್ಯಾನರನ್ನು ಗಾಜ್ ಪಟ್ಟಿಯಿಂದ ಸಿಲಿಂಡರ್ ಕುತ್ತಿಗೆಗೇ ಕಟ್ಟಿದ್ದೇವೆ, ದನಕ್ಕೆ ಗಂಟೆ ಕಟ್ಟಿದ ಹಾಗೆ.

ಆಂಬು ಒತ್ತುವುದು ನೋಡಲು ಸುಲಭ. ಗಾಬರಿಯಾದವರು ನಿಮಿಷಕ್ಕೆ ಮೂವತ್ತು ಸಲ ಒತ್ತುತ್ತಾರೆ. ಹಾಗೆ ಮಾಡಿದರೆ ಎದೆಯಲ್ಲಿ ಗಾಳಿ ಉಳಿದುಕೊಂಡು ಬಿಪಿ ಬೀಳಬಹುದು. ದೊಡ್ಡವರಿಗೆ ಐದಾರು ಸೆಕೆಂಡಿಗೆ ಒಂದು ಸಲ ಸಾಕು. "ಒಂದು, ಎರಡು, ಮೂರು, ನಾಲ್ಕು, ಒತ್ತು" ಅಂತ ಬಾಯಿಬಿಟ್ಟು ಎಣಿಸಲು ಹೇಳುತ್ತೇನೆ. ಮೊದಲು ನಗುತ್ತಾರೆ, ಆಮೇಲೆ ಎಣಿಸುತ್ತಾರೆ.

ಘಾಟಿಯ ಪಾಠ ಬೇರೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಇಳಿಯುವ ಮೊದಲು ಮೇಲೆ ಗಾಡಿ ನಿಲ್ಲಿಸಿ ಸಕ್ಷನ್ ಮಾಡಿ (ಟ್ಯೂಬಿನೊಳಗಿನ ಕಫ ಹೀರಿ ತೆಗೆದು), ಟ್ಯೂಬ್ ತುಟಿಯ ಹತ್ತಿರ ಎಷ್ಟು ಸೆಂಟಿಮೀಟರ್‌ನಲ್ಲಿದೆ ನೋಡಿ, ಮತ್ತೆ ಟೇಪ್ ಒತ್ತಬೇಕು. ಮುಂದಿನ ಆಸ್ಪತ್ರೆಗೆ ಫೋನನ್ನು ತೀರ್ಥಹಳ್ಳಿ ಬಿಡುವ ಮುಂಚೆಯೇ ಮಾಡಬೇಕು, ದಾರಿಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ನಂಬಬಾರದು. ತಿರುವಿನಲ್ಲಿ ವಾಂತಿ ಬರುವವರನ್ನು ಮಣಿಪಾಲದ ಡ್ಯೂಟಿಗೆ ಹಾಕುವುದೂ ಇಲ್ಲ. ಇದನ್ನು ಕೇಳುವುದು ಅವಮಾನವೆಂದು ಕೆಲವರು ಮುನಿಸಿಕೊಂಡರು. ಮುನಿಸಿಕೊಳ್ಳಲಿ. ರೋಗಿಯ ಟ್ಯೂಬ್ ಹಿಡಿಯಬೇಕಾದ ಕೈ ಕವರ್ ಹಿಡಿದು ಕೂತಿರಬಾರದು.

ಎಲ್ಲಕ್ಕಿಂತ ಕಷ್ಟವಾಗಿದ್ದು ಕಿರಿಯರ ಬಾಯಿ ಬಿಡಿಸುವುದು. ಡ್ರೈವರ್, ಆಯಾ, ಯಾರು ಬೇಕಾದರೂ "ನಿಲ್ಲಿ" ಅಂದರೆ ನಿಲ್ಲಬೇಕು ಎಂದು ನಿಯಮ ಮಾಡಿದೆವು. ತಿಂಗಳುಗಟ್ಟಲೆ ಯಾರೂ ಅನ್ನಲಿಲ್ಲ. ಮೊನ್ನೆ ಲಿಫ್ಟ್ ಮುಂದೆ ಹೊಸ ಸಿಸ್ಟರ್ ಒಬ್ಬಳು ಸ್ಟ್ರೆಚರ್‌ಗೆ ಅಡ್ಡ ಕೈ ಇಟ್ಟಳು. "ಮೇಡಂ, ನಿಲ್ಲಿ. ಮುಳ್ಳು ಎಷ್ಟಿದೆ?"

ನಾನು ನೋಡಿರಲಿಲ್ಲ.